ಕಣ್ಣೊಳಗಿನ ಹಸಿರು

ಸುಣ್ಣಕ್ಕೆ ನೀರು ಹುಯ್ದರೆ ಏನಾಗುತ್ತದೆ ಎನ್ನುವುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಹಬ್ಬಕ್ಕೆ ಮುಂಚೆ ಗೋಡೆಗೆ ಬಳಿಯಲು ಸುಟ್ಟ ಸುಣ್ಣದ ಕಲ್ಲು ತಂದು ಹಳೆಯ ಮಡಕೆಗೆ ಹಾಕಿ, ಮೇಲೆ ನೀರು ಸುರಿದು ಎಲ್ಲರೂ ದೂರ ಓಡುತ್ತಿದ್ದೆವು. ಒಲೆಯಿಲ್ಲ, ಬೆಂಕಿಯಿಲ್ಲ, ಮಡಕೆ ಮಾತ್ರ ಕೊತಕೊತ ಕುದಿಯುತ್ತಿತ್ತು. ಹತ್ತಿರ ಹೋದ ಮಕ್ಕಳ ಬೆನ್ನಿಗೆ ಏಟು ಬೀಳುತ್ತಿತ್ತು. ಇಷ್ಟು ಚೆನ್ನಾಗಿ ತಿಳಿದಿದ್ದೇ ನನ್ನ ಕಣ್ಣಿಗೆ ಮುಳುವಾಯಿತು. ಸುಣ್ಣದ ಗುಣ ಗೊತ್ತಿಲ್ಲದ ಊರಿನವರಾಗಿದ್ದರೆ ಎರಡು ಚೊಂಬು ನೀರು ಮುಖಕ್ಕೆ ರಾಚಿಕೊಂಡು ಅರ್ಧ ಕಷ್ಟವನ್ನು ಅಲ್ಲೇ ತೊಳೆದುಬಿಡುತ್ತಿದ್ದರು.

ನಮ್ಮದು ಚನ್ನಪಟ್ಟಣ ತಾಲ್ಲೂಕು, ಅಕ್ಕೂರಿನ ಕಡೆಯ ಹಳ್ಳಿ. ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಹುಳು ಸಾಕುವ ಮನೆಯಿದೆ. ಅಣ್ಣತಮ್ಮಂದಿರು ಭಾಗವಾಗಿ ಒಲೆ ಬೇರೆ ಮಾಡಿಕೊಂಡು ಎಷ್ಟೋ ವರ್ಷವಾಯಿತು. ಹುಳದ ಮನೆಯೊಂದನ್ನು ಮಾತ್ರ ಒಡೆಯಲಾಗಲಿಲ್ಲ. ಹಾಗಾಗಿ ನಾನೂ ನನ್ನ ವಾರಗಿತ್ತಿಯೂ, ಎಂದರೆ ನನ್ನ ಮೈದುನನ ಹೆಂಡತಿ, ಬೇರೆ ಬೇರೆ ಒಲೆಯಲ್ಲಿ ಮುದ್ದೆ ಬೇಯಿಸಿಕೊಂಡು ಒಂದೇ ಹುಳಕ್ಕೆ ಸೊಪ್ಪು ಹಾಕುವವರು. ನಾನು ಬಾಯಿ, ಅವಳು ಕೈ ಎಂದು ಊರಿನವರು ನಗುತ್ತಾರೆ. ನಿಜವೇ. ನಾನು ಹತ್ತು ಮಾತಾಡುವಷ್ಟರಲ್ಲಿ ಅವಳು ಒಂದು ಸಾಲು ಸೊಪ್ಪು ಹರಡಿ ಮುಗಿಸಿರುತ್ತಾಳೆ. ಅವಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಅವಳ ಮುಖವನ್ನೇ ನೋಡಿ ಊಹಿಸಬೇಕು. ಮೂವತ್ತು ವರ್ಷ ನೋಡಿದ್ದೇನೆ, ಊಹೆ ಸರಿಯಾಗಿದ್ದು ಕಡಿಮೆ.

ನೋಡುವುದು ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಎಡಗಣ್ಣಲ್ಲಿ ಚಿಕ್ಕಂದಿನಿಂದ ಹೂವಿದೆ. ದಡಾರ ಬಂದಾಗ ಕರಿಗುಡ್ಡೆಯ ಮೇಲೆ ಕೂತ ಬಿಳಿ ಕಲೆ. ನಮ್ಮ ಕಡೆ ಅದಕ್ಕೆ ಹೂವು ಎನ್ನುತ್ತಾರೆ. ಆ ಕಣ್ಣಿಗೆ ಬೆಳಕು, ನೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ. ‘ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ’ ಎನ್ನುವ ಗಾದೆಯನ್ನು ನನ್ನ ಮದುವೆಯ ಮಾತುಕತೆಯಲ್ಲಿ ಯಾರೋ ದೊಡ್ಡದಾಗಿ ಹೇಳಿದ್ದರು. ಆ ಒಂದು ಕಣ್ಣಲ್ಲೇ ನಾನು ಓದಿದೆ, ಬರೆದೆ, ಇಬ್ಬರು ಮಕ್ಕಳನ್ನು ಬೆಳೆಸಿದೆ, ಯಾವ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದೆ ಯಾವುದು ಆಗಿಲ್ಲ ಎಂದು ದೂರದಿಂದಲೇ ಹೇಳಿದೆ. ಗಾದೆ ಹೇಳಿದವರಿಗೆ ಅವರ ಸೆರಗಿನ ಹರಿದ ಅಂಚನ್ನೂ ತೋರಿಸಿಕೊಟ್ಟೆ.

ಆವತ್ತು ಹುಳು ಮೂರನೇ ಜ್ವರಕ್ಕೆ ಕೂರುವ ಹೊತ್ತು. ರೇಷ್ಮೆ ಹುಳು ಚರ್ಮ ಕಳಚುವ ಮುಂಚೆ ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರದಲ್ಲಿರುವ ಹುಳುವನ್ನು ಮುಟ್ಟುವಂತಿಲ್ಲ, ಅಲ್ಲಾಡಿಸುವಂತಿಲ್ಲ, ಸೊಪ್ಪು ಹಾಕುವಂತಿಲ್ಲ. ಉಳಿದ ಸೊಪ್ಪು ಒಣಗಲಿ ಎಂದು ಮೇಲಿಂದ ಸುಣ್ಣದ ಪುಡಿ ಉದುರಿಸುತ್ತೇವೆ. ವಾರಗಿತ್ತಿ ಸ್ಟೂಲಿನ ಮೇಲೆ ನಿಂತು, ತೆಳು ಬಟ್ಟೆಯಲ್ಲಿ ಕಟ್ಟಿದ ಸುಣ್ಣದ ಗಂಟನ್ನು ಹುಳು ಹಾಸಿದ ಮೇಲಿನ ಅಂತಸ್ತಿನ ಮೇಲೆ ಜಾಡಿಸುತ್ತಿದ್ದಳು. ನಾನು ಕೆಳಗೆ ನಿಂತು ಯಜಮಾನಿಕೆ ಮಾಡುತ್ತಿದ್ದೆ.

“ಆ ಮೂಲೆಗೆ ಬೀಳ್ಲೇ ಇಲ್ಲ ಕಣೆ” ಎಂದು ಮುಖ ಮೇಲೆತ್ತಿದೆ. ಅವಳು ಗಂಟನ್ನು ಜೋರಾಗಿ ಜಾಡಿಸಿದಳು. ಗಂಟು ಬಿಚ್ಚಿಕೊಂಡು ಸುಣ್ಣವೆಲ್ಲ ನನ್ನ ಬಲಗಣ್ಣಿಗೇ ಬಂದು ಬಿತ್ತು.

ಆ ಉರಿಯನ್ನು ಬರೆಯಲು ಕೂತರೆ ಈಗಲೂ ಕಣ್ಣಲ್ಲಿ ನೀರು ಬರುತ್ತದೆ. ತಡವರಿಸಿಕೊಂಡು ಬಾಗಿಲ ಹತ್ತಿರದ ನೀರಿನ ತೊಟ್ಟಿಗೆ ಓಡಿದೆ. ಅವಳು ಸ್ಟೂಲಿನಿಂದ ಧುಮುಕಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

“ನೀರ್ ಮುಟ್ಬ್ಯಾಡ ಅಕ್ಕ, ಸುಣ್ಣ ಕುದ್ದುಬುಡ್ತದೆ.”

ನನಗೂ ಅದೇ ಸರಿ ಅನ್ನಿಸಿತು. ಆ ಮಡಕೆಯನ್ನು ನೋಡಿ ಬೆಳೆದವರಿಗೆ ಬೇರೇನು ಅನ್ನಿಸೀತು? ಅವಳು ಒಳಗೆ ಓಡಿ ಹರಳೆಣ್ಣೆಯ ಸೀಸೆ ತಂದು ಕಣ್ಣಿನ ತುಂಬ ಸುರಿದಳು. ಒಂದು ಗಳಿಗೆ ತಣ್ಣಗಾಯಿತು. ಆಮೇಲೆ ಮೊದಲಿಗಿಂತ ಹೆಚ್ಚಾಗಿ ಉರಿಯತೊಡಗಿತು.

ಮೈದುನ ಬೈಕಿನಲ್ಲಿ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ರೆಪ್ಪೆ ಬಿಡಿಸಿ ನೋಡಿದವರೇ ರಾಮನಗರದ ಕಣ್ಣಾಸ್ಪತ್ರೆಗೆ ಅಟ್ಟಿದರು. ರಾಮನಗರದಲ್ಲಿ ಒಬ್ಬ ಹೆಣ್ಣುಮಗಳು ಡಾಕ್ಟರು, ನನ್ನ ಮಗಳ ವಯಸ್ಸಿನವಳು. ಹೆಸರನ್ನೂ ಕೇಳದೆ ಮಲಗಿಸಿ, ರೆಪ್ಪೆ ಅಗಲಿಸಿ, ಬಾಟಲಿ ಬಾಟಲಿ ನೀರು ಹಾಯಿಸಿದರು. ನಡುನಡುವೆ ಒಂದು ಕಾಗದದ ಚೂರನ್ನು ಕಣ್ಣಿಗೆ ಮುಟ್ಟಿಸಿ ಅದರ ಬಣ್ಣ ನೋಡುವುದು, ಮತ್ತೆ ನೀರು. ನನಗೋ ಆಶ್ಚರ್ಯ. ಕುದಿಯಲಿಲ್ಲ. ಉರಿ ಇಳಿಯುತ್ತಿತ್ತು.

“ಯಾರಮ್ಮ ಇದಕ್ಕೆ ಎಣ್ಣೆ ಹಾಕಿದ್ದು?” ಎಂದರು ಡಾಕ್ಟರು.

“ನಾನೇ” ಎಂದೆ. ಮನೆಯ ಮಾತು ಆಸ್ಪತ್ರೆಯಲ್ಲಿ ಯಾಕೆ? ಹೊರಗಿನವರ ಎದುರಿಗೆ ನಮ್ಮವರನ್ನು ಬಿಟ್ಟುಕೊಡುವ ಅಭ್ಯಾಸ ನನಗಿಲ್ಲ. ಬೈಯುವುದಿದ್ದರೆ ಮನೆಯಲ್ಲಿ ನಾನೇ ಬೈಯುತ್ತೇನೆ.

“ಸುಣ್ಣ ಕಣ್ಣೊಳಗೆ ಇರೋಷ್ಟು ಹೊತ್ತೂ ಆಳಕ್ಕೆ ಇಳೀತಾನೇ ಇರುತ್ತಮ್ಮ. ಎಣ್ಣೆ ಹಾಕಿದ್ರೆ ಅಲ್ಲೇ ಅಂಟಿ ಕೂತ್ಕೊಳ್ಳುತ್ತೆ. ನೀರು, ಬೇಕಾದಷ್ಟು ನೀರು, ಅಷ್ಟೇ ಔಷಧಿ” ಎಂದರು. ಆಮೇಲೆ ಬಿಡಿಸಿ ಹೇಳಿದರು. ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಒಂದು ಪದರವಿದೆಯಂತೆ, ಕಾರ್ನಿಯಾ. ಅದರ ಮೇಲಿನ ಸಣ್ಣ ಚರ್ಮ ಸುಟ್ಟುಹೋಗಿದೆ. ಅಂಚಿನಲ್ಲಿ ಒಂದಿಷ್ಟು ಉಳಿದಿದೆ. ಅಲ್ಲಿಂದ ಹೊಸ ಚರ್ಮ ಬೆಳೆದು ನಡುವಿನವರೆಗೂ ಮುಚ್ಚಿಕೊಂಡರೆ ದೃಷ್ಟಿ ಉಳಿಯುತ್ತದೆ.

“ಮುಚ್ಕೊಳ್ದಿದ್ರೆ?”

ಅವರು ನನ್ನ ಎಡಗಣ್ಣಿನ ಕಡೆ ನೋಡಿದರು.

“ಹೇಳಿ ಡಾಕ್ಟ್ರೇ. ನಾನೇನು ಎದೆ ಒಡ್ಕೊಳಲ್ಲ.”

“ಇದರಲ್ಲೂ ಹಾಗೇ ಬಿಳಿ ಕಲೆ ಕೂರುತ್ತಮ್ಮ.”

ಅಂದರೆ ಎರಡನೇ ಹೂವು. ಆಮೇಲೆ ನನಗೆ ಲೋಕವೆಲ್ಲ ಬೆಳಕು, ನೆರಳು ಅಷ್ಟೇ. ಪುಸ್ತಕವಿಲ್ಲ, ಹುಳುವಿಲ್ಲ, ಮೊಮ್ಮಗುವಿನ ಮುಖವಿಲ್ಲ. ಹೆದರಿಕೆಯಾಯಿತು, ಸುಳ್ಳೇಕೆ. ಆದರೆ ಹೆದರಿಕೆಯ ಹಿಂದೆಯೇ ಸಿಟ್ಟೂ ಬಂತು. ಒಂದು ಹಿಡಿ ಸುಣ್ಣಕ್ಕೆ ಸೋತೆ ಎಂದು ಹೇಳಿಸಿಕೊಳ್ಳುವವಳು ನಾನಲ್ಲ. ಮುಚ್ಚಿಕೊಳ್ಳಲೇಬೇಕು, ಮುಚ್ಚಿಸುತ್ತೇನೆ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಪಕ್ಕದ ಕತ್ತಲ ಕೋಣೆಯಲ್ಲಿ ಫೋಟೊ ತೆಗೆಯುವ ಹುಡುಗಿ ಇದ್ದಳು. ತಲೆಗೆ ಬಟ್ಟೆ ಸುತ್ತಿಕೊಂಡ, ಮಾತಿಗೆ ಮುಂಚೆ ನಗುವ ಹುಡುಗಿ. “ಆಂಟಿ, ಗಲ್ಲ ಇಲ್ಲಿಡಿ. ಹಣೆ ಒತ್ತಿ. ನನ್ನ ಕಿವಿ ನೋಡಿ” ಎಂದು ಕೂರಿಸಿ, ಹಳದಿ ಬಣ್ಣ ಸವರಿದ ಸಣ್ಣ ಕಾಗದದ ಪಟ್ಟಿಯನ್ನು ರೆಪ್ಪೆಯೊಳಕ್ಕೆ ಮುಟ್ಟಿಸಿ, ನೀಲಿ ದೀಪ ಹಾಕಿ ಫೋಟೊ ಹೊಡೆದಳು. ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನೋಡುವುದಕ್ಕೆ ನನಗೆ ಕಣ್ಣಾದರೂ ಎಲ್ಲಿ? ಉರಿಯುವ ಕಣ್ಣನ್ನು ಸೀಳು ಮಾಡಿಕೊಂಡು ಹಣಕಿದೆ. ಕಪ್ಪಿನ ನಡುವೆ ದುಂಡನೆಯ ಹಸಿರು ಕಂಡಿತು. ಎಳೆ ಹಸಿರು, ಜಗ್ಗನೆ ಹೊಳೆಯುವಂಥದ್ದು.

“ಚರ್ಮ ಹೋಗಿರೋ ಕಡೆಯಲ್ಲೆಲ್ಲ ಬಣ್ಣ ಹಿಡಿಯುತ್ತೆ ಆಂಟಿ. ಹಸಿರು ಇರೋದೆಲ್ಲ ಗಾಯ. ಸಲ ಸಲಕ್ಕೂ ಫೋಟೊ ತೆಗೆದು ಪಕ್ಕಪಕ್ಕ ಇಟ್ಟು ನೋಡ್ತಾರೆ ಮೇಡಂ. ಹಸಿರು ಅಂಚಿನಿಂದ ಕರಗ್ತಾ ಬರ್ಬೇಕು.”

ಈ ಮಾತನ್ನು ಅವಳು ಹೇಳಿದ್ದು ಆ ಮೊದಲ ದಿನ, ನನ್ನೊಬ್ಬಳಿಗೆ. ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಹುಳು ಸೊಪ್ಪನ್ನು ತಿನ್ನುವುದೂ ಅಂಚಿನಿಂದಲೇ. ಸರಿ, ಈ ಸೊಪ್ಪನ್ನು ತಿಂದು ಮುಗಿಸೋಣ ಎಂದುಕೊಂಡೆ.

ಊರಿಗೆ ಬಂದರೆ ಬಾಗಿಲ ತುಂಬ ಜನ. ಎದೆಹಾಲು ಹಾಕು ಎಂದು ಒಬ್ಬಳು. ಮಾಗಡಿ ದಾರಿಯಲ್ಲಿ ಸೊಪ್ಪಿನ ರಸ ಬಿಡುವವರಿದ್ದಾರೆ ಎಂದು ಇನ್ನೊಬ್ಬರು. ಕನಕಪುರದ ಆಚೆ ನಾಲಿಗೆಯಿಂದ ಕಣ್ಣಿನ ಕಸ ತೆಗೆಯುವ ಅಜ್ಜಿ ಇದ್ದಾಳಂತೆ, ಅಲ್ಲಿಗೆ ಹೋಗಿಬಾ ಎಂದು ಮತ್ತೊಬ್ಬರು. ಯಾರೋ ನನ್ನ ಗಂಡನ ಜಾತಕ ತೋರಿಸಿ ಎಂದೂ ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದಹಾಗೆ. “ಇನ್ನು ಈ ಕಣ್ಣಿಗೆ ಡಾಕ್ಟರು ಕೊಟ್ಟ ಔಷಧಿ ತೊಟ್ಟು ಬಿಟ್ಟು ಬೇರೆ ಏನಾದ್ರೂ ಬಿದ್ರೆ ನಾನು ಸುಮ್ನಿರಲ್ಲ” ಎಂದೆ. ಬಂದವರು ಕಾಫಿ ಕುಡಿದು ಎದ್ದು ಹೋದರು.

ಗಂಟೆಗೊಂದು ಸಲ ತೊಟ್ಟು. ಒಂದು ಬಾಟಲಿ ಆದ ಮೇಲೆ ಇನ್ನೊಂದಕ್ಕೆ ಒಸಿ ಹೊತ್ತು ಬಿಡಬೇಕು. ನನ್ನ ಗಂಡ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ತೋಟದಿಂದ ಓಡಿ ಬರುತ್ತಿದ್ದರು, ಮಣ್ಣು ಕೈ ಎಂದು ನಾನು ವಾಪಸ್ಸು ಓಡಿಸುತ್ತಿದ್ದೆ. ಹುಳದ ಮನೆಯ ಕಡೆ ತಲೆ ಹಾಕಬೇಡಿ, ಹೊಗೆ ಬೇಡ, ಧೂಳು ಬೇಡ, ಕಣ್ಣು ಮುಚ್ಚಿ ಮಲಗಿ ಎಂದು ಡಾಕ್ಟರು ಹೇಳಿದ್ದರು. ನಾನೂ ಜ್ವರಕ್ಕೆ ಕೂತೆ. ಅಲ್ಲಿ ಹುಳು, ಇಲ್ಲಿ ನಾನು. ಜೀವನದಲ್ಲಿ ಯಾವತ್ತೂ ಅಷ್ಟು ಹೊತ್ತು ಸುಮ್ಮನೆ ಕೂತವಳಲ್ಲ. ಆದರೂ ಕೂತೆ.

ಹುಳದ ಮನೆ ಪೂರ್ತಿ ವಾರಗಿತ್ತಿಯ ಮೇಲೆ ಬಿತ್ತು. ಸೊಪ್ಪು ಹಾಕುವುದು, ಹುಳದ ಹಾಸಿಗೆಯ ಕಸ ತೆಗೆಯುವುದು, ಹಣ್ಣಾದ ಹುಳು ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು ಎಲ್ಲ. ಅದರ ಜೊತೆಗೆ ನನ್ನ ಒಲೆಯ ಮೇಲಿನ ಅಡುಗೆ. ಆಸ್ಪತ್ರೆಗೆ ಹೋಗುವ ದಿನ ನನ್ನ ಕೈ ಹಿಡಿದುಕೊಂಡು ಬರುವವಳೂ ಅವಳೇ. ಚನ್ನಪಟ್ಟಣದವರೆಗೆ ಒಂದು ಬಸ್ಸು, ಅಲ್ಲಿಂದ ರಾಮನಗರಕ್ಕೆ ಇನ್ನೊಂದು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಎಣ್ಣೆಯ ವಿಷಯವನ್ನು ನಾನು ಅವಳಿಗೆ ಹೇಳಿರಲಿಲ್ಲ. ಹೇಳಬೇಕೆಂದು ಬಾಯಿಗೆ ಬರುತ್ತಿತ್ತು, ಆ ಗಂಟುಮುಖ ನೋಡಿ ನುಂಗಿಕೊಳ್ಳುತ್ತಿದ್ದೆ.

ಎರಡನೇ ಸಲದ ಫೋಟೊದಲ್ಲಿ ಹಸಿರು ಒಂದು ಸುತ್ತು ಒಳಕ್ಕೆ ಸರಿದಿತ್ತು. ಪರದೆಯಲ್ಲಿ ಎರಡು ಕಣ್ಣು ಪಕ್ಕಪಕ್ಕ ಇದ್ದವು, ಎರಡೂ ನನ್ನ ಅದೇ ಕಣ್ಣು, ಹೊಸ ಫೋಟೊದಲ್ಲಿ ಹಸಿರು ಸಣ್ಣದು. ನನಗೆ ಕುಣಿಯುವಷ್ಟು ಖುಷಿ. ಹುಡುಗಿಯ ಅಪ್ಪ ರಾಮನಗರದಲ್ಲೇ ರೀಲಿಂಗ್ ಮಾಡುವವರು, ಗೂಡು ಕೊಂಡು ನೂಲು ತೆಗೆಯುವವರು ಎಂದು ಆವತ್ತೇ ತಿಳಿಯಿತು. “ಹಂಗಾದ್ರೆ ಮಾರ್ಕೆಟ್ಟಲ್ಲಿ ನಮ್ಮ ಗೂಡು ನೋಡಿ ಮೂಗು ಮುರಿಯೋರು ನಿಮ್ಮಪ್ಪನೇ ಇರ್ಬೇಕು ಕಣವ್ವ” ಎಂದು ಅವಳನ್ನು ನಗಿಸಿದೆ. ಹಿಂದಕ್ಕೆ ತಿರುಗಿದರೆ ವಾರಗಿತ್ತಿ ಗೋಡೆಗೆ ಒರಗಿ ನಿಂತಿದ್ದಾಳೆ, ಮುಖ ಸೋರೆಕಾಯಿಯಷ್ಟು ಉದ್ದ. ಏನೇ ಎಂದೆ. ಏನಿಲ್ಲ ಎಂದಳು. ಡಾಕ್ಟರ ಕೋಣೆಯೊಳಕ್ಕೆ ರೋಗಿಯನ್ನು ಮಾತ್ರ ಬಿಡುತ್ತಾರೆ, ಅವಳು ಹೊರಗೆ ಬೆಂಚಿನ ಮೇಲೆ ಕೂತಳು. ನಾನು ಬಂದಾಗ ಕೋಡಿಹಳ್ಳಿ ಕಡೆಯ ಒಬ್ಬ ಅಜ್ಜ, ರಾಗಿ ಒಕ್ಕುವಾಗ ಕಣ್ಣಿಗೆ ಸಿಬರು ಹೊಡೆಸಿಕೊಂಡಿದ್ದವನು, ಅವಳಿಗೆ ಸಮಾಧಾನ ಹೇಳುತ್ತಿದ್ದ. ಗಾಯ ನನಗೆ, ಸಮಾಧಾನ ಇವಳಿಗೆ! ಮೈ ಉರಿದುಹೋಯಿತು.

ಮೂರನೇ ಸಲ ಹಸಿರು ಇನ್ನೂ ಕುಗ್ಗಿತ್ತು. ಅವಳ ಮುಖವೂ ಇನ್ನೂ ಕುಗ್ಗಿತ್ತು. ಆಮೇಲಿನ ಸಲ ಕೆಟ್ಟಿತು.

ಆವತ್ತು ಹುಡುಗಿ ನಗಲಿಲ್ಲ. ಮತ್ತೆ ಬಣ್ಣ ಹಾಕಿ ಮತ್ತೆ ಫೋಟೊ ಹೊಡೆದಳು. ಹಸಿರು ಕುಗ್ಗುವುದಿರಲಿ, ಮೇಲ್ಭಾಗದಲ್ಲಿ ಹರಡಿಕೊಂಡಿತ್ತು. ಇಷ್ಟು ತೊಟ್ಟು, ಇಷ್ಟು ಪಥ್ಯ, ಇಷ್ಟು ಕತ್ತಲಲ್ಲಿ ಕೂತಿದ್ದು ಎಲ್ಲ ನೀರಿನಲ್ಲಿ ಹೋಮವಾಯಿತಲ್ಲ ಎಂದುಕೊಂಡೆ. ಆಗ ಹಿಂದಿನಿಂದ ವಾರಗಿತ್ತಿಯ ದನಿ ಕೇಳಿತು, ಎಷ್ಟೋ ದಿನದ ಮೇಲೆ ಮೊದಲ ಸಲ ಜೀವವಿದ್ದ ದನಿ.

“ಜಾಸ್ತಿ ಆಗೈತಲ್ವಾ ಅಕ್ಕ?”

ಅವಳು ನಗುತ್ತಿದ್ದಳು. ಹಲ್ಲು ಕಾಣುವ ಹಾಗೆ ನಗುತ್ತ ನನ್ನ ಭುಜ ಹಿಡಿದು ಒತ್ತಿದಳು. ನಾನು ಆ ಕೈಯನ್ನು ಕೊಡವಿ ಎಸೆದೆ. ಹೊಟ್ಟೆಕಿಚ್ಚಿನ ಹೆಂಗಸರನ್ನು ಕಂಡಿದ್ದೇನೆ. ಆದರೆ ಕಣ್ಣು ಹೋಗುವುದನ್ನು ನೋಡಿ ನಗುವವರನ್ನು ಕಂಡಿರಲಿಲ್ಲ. ಭಾಗದ ಸಮಯದಲ್ಲಿ ನಾನು ಆಡಿದ ಮಾತೊಂದನ್ನು ಇವಳು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು ಎಂದು ಏನೇನೋ ಲೆಕ್ಕ ಹಾಕಿದೆ.

ಡಾಕ್ಟರು ಫೋಟೊಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ಬಹಳ ಹೊತ್ತು ನೋಡಿದರು. ಹಸಿರನ್ನು ದೊಡ್ಡದು ಮಾಡಿದರು. ಅದರೊಳಗೆ ಗೀರುಗಳಿದ್ದವು, ಮೇಲಿನಿಂದ ಕೆಳಕ್ಕೆ, ನೆಟ್ಟಗೆ, ಬಾಚಣಿಗೆ ಎಳೆದ ಹಾಗೆ.

“ಈ ಗೀರು ಸುಮ್ಮಸುಮ್ಮನೆ ಬರಲ್ಲಮ್ಮ. ರೆಪ್ಪೆ ಬಡಿದಾಗೆಲ್ಲ ಏನೋ ತರೀತಿದೆ. ಮೊದಲ ದಿನ ರೆಪ್ಪೆ ಮಗುಚಿ ನಾನೇ ಕ್ಲೀನ್ ಮಾಡಿದ್ದೆ. ಆದ್ರೂ ಇನ್ನೊಂದ್ಸಲ ಒಳಗಡೆವರೆಗೂ ನೋಡ್ತೀನಿ, ಸ್ವಲ್ಪ ತಡ್ಕೊಳ್ಳಿ” ಎಂದರು.

ಮರಗಟ್ಟಿಸುವ ಔಷಧಿ ಹಾಕಿ, ಮೇಲಿನ ರೆಪ್ಪೆಯನ್ನು ಒಂದು ಮಡಿಕೆ ತಿರುಗಿಸಿ, ಅದರ ಮೇಲೆ ಇನ್ನೊಂದು ಮಡಿಕೆ ತಿರುಗಿಸಿದರು. ಅಲ್ಲಿತ್ತು. ಹರಳೆಣ್ಣೆಯಲ್ಲಿ ನೆನೆದು ಗಾರೆಯಂತೆ ಗಟ್ಟಿಯಾಗಿದ್ದ ಸುಣ್ಣದ ಕಣ, ರೆಪ್ಪೆಯ ಸಂದಿಯಲ್ಲಿ ಮೇಲಕ್ಕೆ ಅಂಟಿಕೊಂಡಿದ್ದದ್ದು, ಈಗ ಜಾರಿ ಕೆಳಕ್ಕೆ ಬಂದಿತ್ತು. ಮತ್ತೆ ನೀರು ಹಾಯಿಸಿ ತೆಗೆದು ತೋರಿಸಿದರು. ಎಳ್ಳಿಗಿಂತ ಸಣ್ಣದು. ಇಷ್ಟಕ್ಕೆ ನಾನು ಕುರುಡಿಯಾಗಬೇಕಿತ್ತು.

“ಮೊದಲ ದಿನವೇ ಸಿಗ್ಬೇಕಿತ್ತು, ಕಣ್ಣು ಊದ್ಕೊಂಡಿತ್ತು, ತಪ್ಪಿಸ್ಕೊಂಡಿದೆ” ಎಂದರು ಡಾಕ್ಟರು. ಅಷ್ಟು ನೇರವಾಗಿ ಹೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಗಾಯದ ಮೇಲೆ ಮೆತ್ತನೆಯ ಲೆನ್ಸ್ ಒಂದನ್ನು ಇಟ್ಟು, ಇನ್ನು ಮುಚ್ಚಿಕೊಳ್ಳದಿದ್ದರೆ ಬೇರೆ ಪೊರೆ ತಂದು ಹೊದಿಸಬೇಕಾಗುತ್ತದೆ ಎಂದರು. ಅದಕ್ಕೆ ಅವಕಾಶ ಕೊಡುವುದಿಲ್ಲ ಎಂದೆ. ಅವರು ನಕ್ಕರು.

ಹೊರಗೆ ವಾರಗಿತ್ತಿ ಒಂದು ಮೊಳ ಮಲ್ಲಿಗೆ ಹಿಡಿದುಕೊಂಡು ನಿಂತಿದ್ದಳು. ನನಗೆ ಮುಡಿಸಲು ಬಂದಳು.

“ನನ್ನ ಕಣ್ಣಲ್ಲೇ ಒಂದು ಹೂವೈತೆ, ಸಾಕು” ಎಂದೆ. ಅವಳ ಕೈ ಗಾಳಿಯಲ್ಲೇ ನಿಂತಿತು. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತು ಎಣ್ಣೆಯ ವಿಷಯವನ್ನು ಹೇಳಿದೆ. “ನೀನು ಹುಯ್ದ ಎಣ್ಣೆಗೆ ಸುಣ್ಣ ಅಂಟ್ಕೊಂಡು ಒಳಗೇ ಕುಂತಿತ್ತಂತೆ. ಇವತ್ತು ತೆಗೆದ್ರು. ಇನ್ಮೇಲೆ ಯಾರ ಕಣ್ಣಿಗೆ ಸುಣ್ಣ ಬಿದ್ರೂ ನೀರು, ಬರೀ ನೀರು. ತಿಳ್ಕ.” ಅಷ್ಟೇ ಹೇಳಿದ್ದು. ಚನ್ನಪಟ್ಟಣ ಬರುವವರೆಗೂ ಅವಳು ಮಲ್ಲಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ಮಾರನೇ ದಿನ ಹುಳದ ಮನೆಯ ಬಾಗಿಲಲ್ಲಿ ಮುಚ್ಚಳವಿರುವ ಒಂದು ಬಕೆಟ್ಟು ಬಂದಿತ್ತು, ಅದರ ತುಂಬ ಒಳ್ಳೆಯ ನೀರು, ಮೇಲೊಂದು ಚೊಂಬು. ಯಾರು ಇಟ್ಟರು ಎಂದು ನಾನು ಕೇಳಲಿಲ್ಲ. ಅದು ಈಗಲೂ ಅಲ್ಲೇ ಇದೆ. ನೀರು ದಿನಾ ಬದಲಾಗುತ್ತದೆ. ನಮ್ಮ ಬೀದಿಯ ಇನ್ನೆರಡು ಹುಳದ ಮನೆಗಳ ಬಾಗಿಲಲ್ಲೂ ಬಕೆಟ್ಟು ಕೂತಿದೆ. ಅಲ್ಲಿಗೆ ಹೋಗಿ ಹೇಳಿದವಳು ಮಾತೇ ಆಡದ ನನ್ನ ವಾರಗಿತ್ತಿ ಎಂದು ಆಮೇಲೆ ಗೊತ್ತಾಯಿತು.

ಕಣ ಹೋದ ಮೇಲೆ ಕಣ್ಣು ಮತ್ತೆ ದಾರಿಗೆ ಬಂತು. ಹಸಿರು ಬಟ್ಟಲಿನಷ್ಟಿದ್ದದ್ದು ಬಟಾಣಿಯಷ್ಟಾಯಿತು, ಬಟಾಣಿ ಸಾಸಿವೆಯಾಯಿತು. ಪ್ರತಿ ಸಲವೂ ಪರದೆಯ ಮುಂದೆ ನಾನು ಎದೆ ಸೆಟೆಸಿಕೊಂಡು ಕೂರುತ್ತಿದ್ದೆ, ಮಗಳ ಮಾರ್ಕ್ಸ್ ಕಾರ್ಡ್ ನೋಡುವ ಹಾಗೆ. ವಾರಗಿತ್ತಿ ಮಾತ್ರ ಒಣಗುತ್ತ ಹೋದಳು. ರಾತ್ರಿ ಅನ್ನ ಬಿಟ್ಟಿದ್ದಾಳೆ, ಯಾವುದೋ ಹರಕೆಯಂತೆ ಎಂದು ಮೈದುನ ಬಂದು ಹೇಳಿದ. ಏನು ಹರಕೆಯೋ, ಯಾರ ಮೇಲೋ ಎಂದು ನಾನು ಕಟುವಾಗಿಯೇ ಅಂದೆ. ಗೂಡು ಈ ಸಲ ಚೆನ್ನಾಗಿ ಬಂತು, ಒಂದೊಂದೂ ಕಲ್ಲಿನ ಹಾಗೆ ಗಟ್ಟಿ. ಅದಕ್ಕೂ ಅವಳು ನಗಲಿಲ್ಲ.

ಕೊನೆಯ ಸಲ ಹೋದ ದಿನ ಹುಡುಗಿ ಲೆನ್ಸ್ ತೆಗೆದ ಕಣ್ಣಿಗೆ ಹಳದಿ ಪಟ್ಟಿ ಮುಟ್ಟಿಸಿದಳು. ನೀಲಿ ದೀಪ ಹಾಕಿದಳು. ಕ್ಲಿಕ್ ಎಂದಿತು. ಪರದೆ ತಿರುಗಿಸಿದಳು.

ಹಸಿರೇ ಇರಲಿಲ್ಲ. ಕರಿಗುಡ್ಡೆ ಪೂರ್ತಿ ಕಪ್ಪು, ನಯವಾದ ಕಪ್ಪು, ಒಂದು ಚುಕ್ಕೆಯೂ ಇಲ್ಲ. ಗೆದ್ದೆ ಎಂದು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಧೊಪ್ಪೆಂದು ಸದ್ದಾಯಿತು. ವಾರಗಿತ್ತಿ ನೆಲದ ಮೇಲೆ ಕುಸಿದು ಕೂತಿದ್ದಳು.

“ಆರೋಯ್ತಲ್ಲ ಅಕ್ಕ. ಪೂರ್ತಿ ಆರೋಯ್ತಲ್ಲ” ಎಂದಳು. ಆಮೇಲೆ ಹುಡುಗಿಯ ಬಿಳಿ ಕೋಟಿನ ತುದಿ ಹಿಡಿದುಕೊಂಡಳು. “ಅವ್ವ, ಒಸಿ ಡಾಕ್ಟ್ರಮ್ಮಂಗೆ ಹೇಳವ್ವ. ನನ್ನವು ಎರಡೂ ಚೆಂದಾಗವೆ. ಒಂದ ತಕ್ಕಂಡು ನಮ್ಮಕ್ಕಂಗೆ ಹಾಕ್ಲಿ. ಬಲಗಣ್ಣೇ ತಕ್ಕಳ್ಲಿ, ಅಕ್ಕಂದೂ ಬಲಗಣ್ಣೇ ಅಲ್ವಾ. ನಂಗ್ಯಾಕೆ ಎರಡು? ಸುಣ್ಣ ಚೆಲ್ಲಿದ್ದೂ ನಾನೇ, ಎಣ್ಣೆ ಹುಯ್ದಿದ್ದೂ ನಾನೇ.”

ಹುಡುಗಿ ನನ್ನ ಮುಖ ನೋಡಿದಳು. ನನಗೂ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ತಿಳಿಯಿತು. ಹಿಪ್ಪುನೇರಳೆಯಲ್ಲಿ ಹುಟ್ಟಿ ಬೆಳೆದವಳು ಅವಳು. ಹಸಿರಿದ್ದರೆ ಬದುಕು, ಹಸಿರು ಹೋದರೆ ಒಣಗಿತು ಎಂದರ್ಥ. ಆ ಹೊಳೆಯುವ ಹಸಿರೇ ನನ್ನ ಕಣ್ಣಿನ ಜೀವ ಎಂದುಕೊಂಡಿದ್ದಳು. ಅದು ಸಲ ಸಲಕ್ಕೂ ಕರಗುವುದನ್ನು ನನ್ನ ಬೆನ್ನ ಹಿಂದೆ ನಿಂತು ನೋಡಿದ್ದಳು. ಒಂದು ಸಲ ಹೆಚ್ಚಾದಾಗ ದೇವರು ಕಣ್ಣು ಬಿಟ್ಟ ಎಂದು ಮಲ್ಲಿಗೆ ತಂದಿದ್ದಳು. ಅದನ್ನು ನಾನು ಮುಡಿಯಲಿಲ್ಲ.

“ಅಯ್ಯೋ ಪೆದ್ದಿ, ಹಸಿರೇ ಗಾಯ ಕಣೆ. ಅದು ಹೋಗ್ಲಿ ಅಂತ್ಲೇ ನಾನು ಇಷ್ಟು ದಿನ ಒದ್ದಾಡಿದ್ದು. ಹೋಯ್ತು. ವಾಸಿ ಆಯ್ತು” ಎಂದೆ.

“ಹಸ್ರು ಯಾವತ್ತಾದ್ರೂ ಕೆಟ್ಟದ್ದಾಗ್ತದಾ? ಸುಮ್ನೆ ಹೇಳ್ಬ್ಯಾಡ ಅಕ್ಕ.”

“ಅದ್ಯಾಕೆ ಒಂದು ಸಲನಾದ್ರೂ ನನ್ನ ಕೇಳ್ಬಾರ್ದಾಗಿತ್ತು?”

“ಹೆಂಗ್ ಕೇಳ್ಲಿ? ಹುಳದ ಮನೇಲಿ ಹುಳ ಸತ್ರೆ ಸತ್ತೋಯ್ತು ಅಂತೀವಾ? ಬಾಯಲ್ಲಿ ಅಂದ್ರೆ ಇನ್ನೊಸಿ ಸಾಯ್ತದೆ ಅಂತ ಅತ್ತೆ ಹೇಳ್ಕೊಟ್ಟಿಲ್ವಾ? ಅದ್ಕೇ ಅನ್ಲಿಲ್ಲ. ಭಾವ ವಾಸಿ ಆಯ್ತಾ ಐತೆ ಅಂತಿದ್ರು. ರೋಗ ಬಂದೋರ ಮನೇಲಿ ಎಲ್ಲಾರೂ ಹಂಗೇ ಅಂತಾರೆ. ನಾನು ಕಣ್ಣಾರೆ ಕಾಣ್ತಿದ್ನಲ್ಲ.”

ಹೌದು, ಅತ್ತೆ ಹೇಳಿಕೊಟ್ಟಿದ್ದು ನಿಜ. ನಮ್ಮ ಮನೆಯಲ್ಲಿ ಸತ್ತ ಹುಳುವನ್ನು ಹೆಸರೆತ್ತದೆ ಆಯ್ದು ಹೊರಗೆ ಹಾಕುತ್ತೇವೆ. ಅವಳು ನನ್ನ ಕಣ್ಣಿಗೂ ಅದೇ ಶಾಸ್ತ್ರ ಮಾಡಿದ್ದಳು. ಬಾಯಿ ಕಟ್ಟಿಕೊಂಡು, ಊಟ ಕಟ್ಟಿಕೊಂಡು.

ಹುಡುಗಿ ಮೊದಲನೆಯ ಫೋಟೊದಿಂದ ಕೊನೆಯದರವರೆಗೂ ಸಾಲಾಗಿ ಇಟ್ಟು ತೋರಿಸಿದಳು. ಗಾಯ, ಹೊಸ ಚರ್ಮ ಎಂದು ಬೆರಳಿಟ್ಟು ವಿವರಿಸಿದಳು. ಡಾಕ್ಟರೂ ಸದ್ದು ಕೇಳಿ ಬಂದು, ಕೆಳಗಿನ ಅಂಚಿನಲ್ಲಿ ಒಂದು ತೆಳು ಮಬ್ಬು ಉಳಿಯಬಹುದು, ಕನ್ನಡಕ ಬೇಕಾಗಬಹುದು, ದೃಷ್ಟಿ ಮಾತ್ರ ಉಳಿದಿದೆ ಎಂದರು. ವಾರಗಿತ್ತಿ ಎಲ್ಲದಕ್ಕೂ ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ. ಎದ್ದು ಬಂದು ನನ್ನ ಎದುರಿಗೆ ನಿಂತಳು. ನನ್ನ ಎಡಗಣ್ಣನ್ನು, ಹೂವಿರುವ ಕಣ್ಣನ್ನು, ತನ್ನ ಅಂಗೈಯಿಂದ ಮುಚ್ಚಿದಳು. ಕೈ ಒರಟಾಗಿತ್ತು, ಸೊಪ್ಪಿನ ವಾಸನೆ ಬರುತ್ತಿತ್ತು.

“ಹಂಗಾರೆ ನೋಡು. ನನ್ ಮಖ ಕಾಣ್ತದಾ?”

ರೆಪ್ಪೆ ಬಡಿದೆ. ಹಳದಿ ನೀರು ಕೆನ್ನೆಯ ಮೇಲೆ ಇಳಿಯಿತು. ಮೊದಲು ಒಂದು ದುಂಡು, ಆಮೇಲೆ ಹಣೆ, ಹಣೆಯ ಮೇಲಿನ ಬೊಟ್ಟು, ಬಾಚದೆ ಬಿಟ್ಟ ಕೂದಲಿನಲ್ಲಿ ಈ ಸಲ ಹೊಸದಾಗಿ ಬಂದ ಬಿಳಿ, ಕುಳಿಬಿದ್ದ ಕೆನ್ನೆ. ಎಷ್ಟು ದಿನವಾಗಿತ್ತು ಆ ಮುಖವನ್ನು ಇಷ್ಟು ಸ್ಪಷ್ಟವಾಗಿ ನೋಡಿ. ಅಳು ಒತ್ತಿಕೊಂಡು ಬಂತು. ಅತ್ತರೆ ಇವಳು ಮತ್ತೆ ಏನೋ ಕೆಟ್ಟಿತು ಅಂದುಕೊಳ್ಳುತ್ತಾಳೆ ಎಂದು ಹಲ್ಲು ಕಚ್ಚಿ ತಡೆದೆ.

“ಕಾಣ್ತದೆ ಕಣೆ” ಎಂದೆ. “ಮೂಗು ಸೋರ್ತಾ ಐತೆ, ಒರೆಸ್ಕ.”

ಡಾಕ್ಟರ ಮಾತನ್ನೂ ಫೋಟೊಗಳನ್ನೂ ನಂಬದವಳು ಆ ಮಾತನ್ನು ನಂಬಿದಳು. ಸೆರಗು ತೆಗೆದು ಮೂಗು ಒರೆಸಿಕೊಂಡಳು. ಇನ್ನೊಂದು ಕೈ ನನ್ನ ಎಡಗಣ್ಣಿನ ಮೇಲೆಯೇ ಇತ್ತು.